ಅಂಗಾತ ಮಲಗುವ ಮಗು ತಡವಾಗಿ ತೆವಳುತ್ತದೆಯೇ?

ಐದು ತಿಂಗಳ ಕೂಸನ್ನು ನೋಡಲು ಬಂದ ಹಿರಿಯರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಏನಮ್ಮಾ, ಮಗು ಬೋರಲು ಬಿತ್ತಾ?" ಇನ್ನೂ ಇಲ್ಲ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಈಚೆಗೆ ಇದೇ ನಡೆಯಿತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಹುಡುಗಿಗೆ ಅವಳ ಅಜ್ಜಿ, "ಹಗಲೂ ರಾತ್ರಿ ಅಂಗಾತ ಮಲಗಿಸ್ತೀಯಲ್ಲೇ, ಅದು ಹೇಗೆ ಮಗುಚಿಕೊಳ್ಳತ್ತೆ? ರಾತ್ರಿ ಬೋರಲು ಹಾಕಿ ಮಲಗಿಸು, ಕತ್ತು ಗಟ್ಟಿಯಾಗತ್ತೆ, ತಲೆಯೂ ಗುಂಡಗಾಗತ್ತೆ" ಎಂದರು. "ಬೇಡ ಅಜ್ಜಿ, ಡಾಕ್ಟ್ರು ಅಂಗಾತಾನೇ ಮಲಗಿಸಬೇಕು ಅಂದಿದಾರೆ" ಎಂದಳು ಮೊಮ್ಮಗಳು. ಮಾತು ಬೆಳೆಯಿತು. ಪಿ.ಯು.ಸಿ. ಓದುತ್ತಿರುವ ಅವಳ ತಮ್ಮ ನನ್ನ ಬಳಿ ಬಂದು, "ಸಾರ್, ಇಬ್ಬರಲ್ಲಿ ಯಾರು ಸರಿ?" ಎಂದು ಕೇಳಿದ.

ಅಜ್ಜಿಯ ಮಾತಿನಲ್ಲಿ ಒಂದು ಸತ್ಯಾಂಶವಿದೆ. ಅದನ್ನು ವಿಜ್ಞಾನವೂ ಒಪ್ಪುತ್ತದೆ. ಆದರೆ ಅವರು ಹೇಳಿದ ಉಪಾಯವನ್ನು ಪಾಲಿಸಿದರೆ ಮಗುವಿನ ಪ್ರಾಣಕ್ಕೇ ಅಪಾಯ ಬರಬಹುದು. ಈ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗುವುದು ಹೇಗೆ? ಅದನ್ನು ತಿಳಿಯಬೇಕಾದರೆ ಸುಮಾರು ಅರ್ಧ ಶತಮಾನದ ಒಂದು ಕಥೆಯನ್ನು ಕೇಳಬೇಕು.

ಅದಕ್ಕೆ ಮೊದಲು ಮಗುವಿನ ದೇಹದ ಕಡೆ ಸ್ವಲ್ಪ ಗಮನ ಕೊಡೋಣ. ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಕಾಲು ಭಾಗದಷ್ಟಿರುತ್ತದೆ. ನಮ್ಮ ತಲೆಯೂ ಅದೇ ಪ್ರಮಾಣದಲ್ಲಿ ಇದ್ದಿದ್ದರೆ ನಾವು ದೊಡ್ಡ ಕುಂಬಳಕಾಯಿಯೊಂದನ್ನು ಕತ್ತಿನ ಮೇಲೆ ಹೊತ್ತು ಓಡಾಡಬೇಕಾಗಿತ್ತು! ಇಂಥ ಭಾರದ ತಲೆಯನ್ನು ಹಿಡಿತಕ್ಕೆ ತಂದುಕೊಳ್ಳುವುದೇ ಮಗುವಿನ ಮೊದಲ ಸಾಹಸ. ಹಿಡಿತವು ತಲೆಯಿಂದ ಕಾಲಿನ ಕಡೆಗೆ ಇಳಿಯುತ್ತ ಹೋಗುತ್ತದೆ. ಮೊದಲು ಕತ್ತು, ಆಮೇಲೆ ಭುಜ, ಬೆನ್ನು, ಸೊಂಟ, ಕೊನೆಗೆ ಕಾಲು. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು, ಅಂಬೆಗಾಲಿಡುವುದು, ನಿಲ್ಲುವುದು, ನಡೆಯುವುದು ಎಂಬ ಈ ಸಾಲನ್ನು ಮನಶ್ಶಾಸ್ತ್ರಜ್ಞರು ಚಾಲಕ ವಿಕಾಸವೆಂದು ಕರೆಯುತ್ತಾರೆ.

ಬೋರಲಾಗಿ, ಅಂದರೆ ಹೊಟ್ಟೆ ಕೆಳಗಾಗಿ ಮಲಗಿದ ಮಗು ಏನು ಮಾಡುತ್ತದೆ? ಮುಖ ನೆಲಕ್ಕೆ ಒತ್ತುತ್ತದೆ. ಸುಮ್ಮನಿದ್ದರೆ ಏನೂ ಕಾಣದು. ಆದ್ದರಿಂದ ತಲೆಯೆತ್ತಲು ಹೆಣಗುತ್ತದೆ. ಮೊದಮೊದಲು ಒಂದೆರಡು ಕ್ಷಣ, ಬಳಿಕ ಮೊಳಕೈ ಊರಿ, ಆಮೇಲೆ ಅಂಗೈ ಊರಿ ಎದೆಯನ್ನೇ ಮೇಲೆತ್ತುತ್ತದೆ. ಇದರಿಂದ ಕತ್ತಿನ ಹಿಂಭಾಗ, ಭುಜ ಮತ್ತು ಬೆನ್ನಿನ ಸ್ನಾಯುಗಳಿಗೆ ಒಳ್ಳೆಯ ವ್ಯಾಯಾಮ ದೊರೆಯುತ್ತದೆ. ಮೈಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುವುದನ್ನೂ ಅದು ಇಲ್ಲಿಯೇ ಕಲಿಯುತ್ತದೆ. ಅಂಬೆಗಾಲಿಗೆ ಬೇಕಾದದ್ದು ಇದೇ. ಅಂಗಾತ ಮಲಗಿದ ಮಗುವಿನ ದಿನಚರಿ ಬೇರೆ. ಅದರ ಎರಡು ಕೈಗಳೂ ಬಿಡುವಾಗಿರುತ್ತವೆ. ಅವನ್ನು ಎದೆಯ ಮೇಲೆ ಜೋಡಿಸಿ ನೋಡುತ್ತದೆ, ಮೇಲೆ ತೂಗುವ ಗಿಲಕಿಗೆ ಕೈ ಚಾಚುತ್ತದೆ, ಕಾಲ್ಬೆರಳನ್ನು ಹಿಡಿದು ಬಾಯಿಗೆ ತಂದುಕೊಳ್ಳುತ್ತದೆ. ಇದೂ ವ್ಯಾಯಾಮವೇ, ಆದರೆ ಕೆಲಸ ಮಾಡುವುದು ಬೇರೆ ಸ್ನಾಯುಗಳು.

ಇನ್ನು ಕಥೆಗೆ ಬರೋಣ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಪಾಶ್ಚಾತ್ಯ ದೇಶಗಳಲ್ಲಿ ಹಸುಗೂಸುಗಳನ್ನು ಬೋರಲಾಗಿ ಮಲಗಿಸುವ ರೂಢಿ ಬೆಳೆಯಿತು. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರು 1946ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕ ಕೋಟಿಗಟ್ಟಲೆ ಮನೆಗಳನ್ನು ಸೇರಿತ್ತು. 1950ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ ಅವರು ಬೋರಲು ಮಲಗಿಸುವುದೇ ಲೇಸು ಎಂದು ಬರೆದರು. ಅವರ ವಾದ ಕೇಳಲು ಸಮಂಜಸವಾಗಿಯೇ ಇತ್ತು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಅದು ಉಸಿರುನಾಳಕ್ಕೆ ಹೋಗಿ ಉಸಿರು ಕಟ್ಟೀತು ಎಂಬುದೊಂದು ಭಯ. ತಲೆಯ ಹಿಂಭಾಗ ಚಪ್ಪಟೆಯಾದೀತು ಎಂಬುದು ಇನ್ನೊಂದು. ಮುಂದೆ ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ಬೋರಲಾಗಿ ಮಲಗಿಸಿದಾಗ ಅವುಗಳ ಉಸಿರಾಟ ಸುಧಾರಿಸುವುದು ಕಂಡುಬಂದಿತು. ಅದು ನಿಜವೇ. ದಾದಿಯರ ಮತ್ತು ಯಂತ್ರಗಳ ಕಾವಲಿನಲ್ಲಿ ಇಂದಿಗೂ ಅಂಥ ಮಕ್ಕಳನ್ನು ಹಾಗೆ ಮಲಗಿಸುವುದುಂಟು. ಆದರೆ ಕಾವಲಿನಲ್ಲಿದ್ದ ಕೆಲವೇ ಮಕ್ಕಳಿಗೆ ಹಿತವಾದದ್ದನ್ನು ಮನೆಯಲ್ಲಿ ಕತ್ತಲೆಯಲ್ಲಿ ಮಲಗುವ ಲಕ್ಷಾಂತರ ಮಕ್ಕಳಿಗೂ ಅನ್ವಯಿಸಿಬಿಟ್ಟರು. ವಿಜ್ಞಾನ ಓದುವವರು ಈ ತಪ್ಪನ್ನು ಚೆನ್ನಾಗಿ ಗಮನಿಸಿಕೊಳ್ಳಬೇಕು.

ಅದೇ ಕಾಲದಲ್ಲಿ ಈ ದೇಶಗಳ ವೈದ್ಯರನ್ನು ಒಂದು ಸಮಸ್ಯೆ ಕಾಡುತ್ತಿತ್ತು. ರಾತ್ರಿ ಆರೋಗ್ಯವಾಗಿ ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಶವಪರೀಕ್ಷೆ ಮಾಡಿದರೂ ಕಾರಣ ದೊರೆಯುತ್ತಿರಲಿಲ್ಲ. ಇದನ್ನು ಹಠಾತ್ ಶಿಶುಮರಣವೆಂದು ಕರೆದರು. ಇಂಗ್ಲೆಂಡಿನ ಜನ 'ಕಾಟ್ ಡೆತ್', ಅಂದರೆ ತೊಟ್ಟಿಲ ಸಾವು ಎನ್ನುತ್ತಿದ್ದರು. ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಇದು ಹೆಚ್ಚು. ಎಷ್ಟೋ ತಾಯಂದಿರು ತಾವೇ ಏನೋ ತಪ್ಪು ಮಾಡಿದೆವೆಂದು ಜೀವನವಿಡೀ ಕೊರಗಿದರು. ಪುಸ್ತಕದಲ್ಲಿ ಹೇಳಿದಂತೆಯೇ ಮಲಗಿಸಿದ್ದವರು ಅವರು.

ಒಂದು ಸುಳಿವು ಪೂರ್ವದಿಂದ ಬಂದಿತು. 1985ರಲ್ಲಿ ಡಿ. ಪಿ. ಡೇವಿಸ್ ಎಂಬ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಹಾಂಗ್‌ಕಾಂಗಿನಲ್ಲಿ ತೊಟ್ಟಿಲ ಸಾವು ಬಹಳ ಅಪರೂಪವೆಂದು ಬರೆದರು. ಅಲ್ಲಿ ಜನಸಂದಣಿ ವಿಪರೀತ, ಒಂದೊಂದು ಪುಟ್ಟ ಮನೆಯಲ್ಲಿ ದೊಡ್ಡ ಸಂಸಾರ. ಆದರೂ ಸಾವು ಕಡಿಮೆ. ಅಲ್ಲಿನ ಚೀನೀ ಕುಟುಂಬಗಳು ಮಕ್ಕಳನ್ನು ವಾಡಿಕೆಯಾಗಿ ಅಂಗಾತ ಮಲಗಿಸುತ್ತಿದ್ದವು. ಇದೇ ಕಾರಣವಿರಬಹುದೇ? ನೆದರ್ಲೆಂಡ್ಸ್ ದೇಶ 1987ರಲ್ಲಿಯೇ ಮಕ್ಕಳನ್ನು ಬೋರಲಾಗಿ ಮಲಗಿಸಬೇಡಿ ಎಂದು ಸಾರಿತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಡಾ. ಪೀಟರ್ ಫ್ಲೆಮಿಂಗ್ ಮತ್ತು ಅವರ ಸಂಗಡಿಗರು 1990ರಲ್ಲಿ, ಬೋರಲು ನಿದ್ರೆಗೂ ಈ ಸಾವಿಗೂ ಇರುವ ನಂಟನ್ನು ಅಂಕಿ ಅಂಶಗಳೊಂದಿಗೆ ಪ್ರಕಟಿಸಿದರು. ನ್ಯೂಜಿಲೆಂಡಿನಿಂದಲೂ ಅಂಥದೇ ಫಲಿತಾಂಶ ಬಂದಿತು.

ಇಲ್ಲಿ ದೂರದರ್ಶನ ಮಾಧ್ಯಮದ ಪಾತ್ರವನ್ನೂ ನೆನೆಯಬೇಕು. ಬ್ರಿಟನ್ನಿನ ಟೆಲಿವಿಷನ್ ನಿರೂಪಕಿ ಆನ್ ಡೈಮಂಡ್ ಅವರ ಪುಟ್ಟ ಮಗ 1991ರಲ್ಲಿ ಹೀಗೆಯೇ ತೀರಿಕೊಂಡ. ಆ ದುಃಖದಲ್ಲೂ ಅವರು ಕಾರಣವನ್ನು ಹುಡುಕಿ ಹೊರಟರು, ನ್ಯೂಜಿಲೆಂಡಿನ ಸಂಶೋಧನೆಯನ್ನು ತಿಳಿದುಕೊಂಡರು, ಸರ್ಕಾರದ ಬೆನ್ನುಬಿದ್ದು ಅದೇ ವರ್ಷದ ಕೊನೆಯಲ್ಲಿ ಟೆಲಿವಿಷನ್ ಪ್ರಚಾರವನ್ನು ಆರಂಭಿಸಲು ಕಾರಣರಾದರು. ಒಂದೆರಡು ವರ್ಷಗಳಲ್ಲಿ ಅಲ್ಲಿ ಈ ಸಾವುಗಳು ಸುಮಾರು ಅರ್ಧಕ್ಕಿಳಿದವು. ಅಮೆರಿಕದ ಶಿಶುವೈದ್ಯರ ಅಕಾಡೆಮಿ 1992ರಲ್ಲಿ ಶಿಫಾರಸು ಹೊರಡಿಸಿತು. 1994ರಲ್ಲಿ ಅಲ್ಲಿಯೂ ರಾಷ್ಟ್ರೀಯ ಆಂದೋಲನ ಆರಂಭವಾಯಿತು. 1992ರಲ್ಲಿ ಅಲ್ಲಿ ನೂರಕ್ಕೆ 70ರಷ್ಟು ಕೂಸುಗಳು ಬೋರಲಾಗಿ ಮಲಗುತ್ತಿದ್ದವು. ಆ ದಶಕ ಮುಗಿಯುವಷ್ಟರಲ್ಲಿ ಅದು ಸುಮಾರು 20ಕ್ಕೆ ಇಳಿದಿತ್ತು. ಸಾವಿನ ಪ್ರಮಾಣವೂ ಅದರ ಜೊತೆಯಲ್ಲೇ ಅರ್ಧದಷ್ಟಾಯಿತು. ಔಷಧವಿಲ್ಲ, ಲಸಿಕೆಯಿಲ್ಲ, ಯಂತ್ರವಿಲ್ಲ. ಮಗುವನ್ನು ಮಲಗಿಸುವ ಮಗ್ಗುಲು ಬದಲಾಯಿತು, ಅಷ್ಟೆ. 2005ರಲ್ಲಿ ಸಂಶೋಧಕರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಇನ್ನೊಂದು ಕಹಿ ಸತ್ಯವನ್ನು ಹೇಳಿದರು. 1970ರ ಹೊತ್ತಿಗೇ ಸಾಕಷ್ಟು ಸಾಕ್ಷ್ಯವಿತ್ತು, ಅದನ್ನು ಯಾರಾದರೂ ಒಟ್ಟುಗೂಡಿಸಿ ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಮಕ್ಕಳು ಬದುಕಿ ಉಳಿಯಬಹುದಾಗಿತ್ತು.

ಬೋರಲು ನಿದ್ರೆ ಏಕೆ ಅಪಾಯ? ಮೂಗು ಹಾಸಿಗೆಗೆ ಒತ್ತಿಕೊಂಡಾಗ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಮೈಯ ಶಾಖ ಹೊರಹೋಗುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೋರಲಾಗಿ ಮಲಗಿದ ಮಗುವಿನ ನಿದ್ರೆ ಗಾಢವಾಗಿದ್ದು, ಉಸಿರಿಗೆ ತೊಂದರೆಯಾದಾಗ ಥಟ್ಟನೆ ಎಚ್ಚರಗೊಳ್ಳುವುದಿಲ್ಲ. "ಬೋರಲು ಹಾಕಿದರೆ ಚೆನ್ನಾಗಿ ನಿದ್ದೆ ಮಾಡತ್ತೆ" ಎಂದು ಹಿರಿಯರು ಹೇಳುವುದು ಸುಳ್ಳಲ್ಲ, ಆದರೆ ಆ ಗಾಢ ನಿದ್ರೆಯಲ್ಲೇ ಅಪಾಯವಿದೆ. ವಾಂತಿಯ ಭಯಕ್ಕೂ ಅಂಗರಚನೆಯೇ ಉತ್ತರ ಕೊಡುತ್ತದೆ. ಅಂಗಾತ ಮಲಗಿದಾಗ ಉಸಿರುನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಹೊರಬಂದ ಹಾಲು ಗುರುತ್ವಕ್ಕೆ ವಿರುದ್ಧವಾಗಿ ಮೇಲೇರಿ ಉಸಿರುನಾಳಕ್ಕೆ ಹೋಗುವುದು ಕಷ್ಟ. ಬೋರಲಾಗಿದ್ದಾಗ ಅದೇ ಹಾಲು ಉಸಿರುನಾಳದ ಬಾಯಿಗೇ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿದರೆ ಮಗು ಸುಲಭವಾಗಿ ಬೋರಲಿಗೆ ಉರುಳುವುದರಿಂದ ಅದೂ ಕ್ಷೇಮವಲ್ಲ.

ಇಷ್ಟಾದ ಮೇಲೆ ವೈದ್ಯರಿಗೆ ಹೊಸದೊಂದು ಸಂಗತಿ ಕಾಣತೊಡಗಿತು. ಅಂಗಾತ ಮಲಗುವ ಹೊಸ ಪೀಳಿಗೆಯ ಮಕ್ಕಳು ಪುಸ್ತಕದಲ್ಲಿ ಬರೆದ ತಿಂಗಳಿಗೆ ಸರಿಯಾಗಿ ಮಗುಚುತ್ತಿರಲಿಲ್ಲ, ತೆವಳುತ್ತಿರಲಿಲ್ಲ. ಮಕ್ಕಳ ಬುದ್ಧಿಗೆ, ನರಮಂಡಲಕ್ಕೆ ಏನಾದರೂ ಆಯಿತೇ ಎಂದು ಪೋಷಕರು ಹೆದರಿದರು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಬೆತ್ ಡೇವಿಸ್, ರೇಚಲ್ ಮೂನ್ ಮತ್ತಿತರರು 351 ಶಿಶುಗಳ ದಿನಚರಿಯನ್ನು ಅವರ ತಂದೆತಾಯಿಯರಿಂದ ಬರೆಯಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೋರಲಾಗಿ ಮಲಗುವ ಮಕ್ಕಳು ಹೊಟ್ಟೆಯಿಂದ ಬೆನ್ನಿಗೆ ಹೊರಳುವುದು, ಕೈಯೂರಿ ಕೂರುವುದು, ತೆವಳುವುದು, ಅಂಬೆಗಾಲಿಡುವುದು, ಹಿಡಿದು ಎದ್ದು ನಿಲ್ಲುವುದು, ಇವನ್ನೆಲ್ಲ ತುಸು ಮುಂಚೆ ಮಾಡಿದರು. ಅಂದರೆ ಅಜ್ಜಿ ಗಮನಿಸಿದ್ದು ಸರಿ! ಆದರೆ ನಡೆಯುವ ವಯಸ್ಸಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಜೊತೆಗೆ ಅಂಗಾತ ಮಲಗುವ ಮಕ್ಕಳೂ ಎಲ್ಲ ಹಂತಗಳನ್ನೂ ಸಹಜವೆನ್ನುವ ವಯೋಮಿತಿಯೊಳಗೇ ದಾಟಿದರು.

ಅದೇ ವರ್ಷ ಬ್ರಿಸ್ಟಲ್‌ನಿಂದ ಇನ್ನೊಂದು ವರದಿ ಬಂದಿತು. 1991 ಮತ್ತು 1992ರಲ್ಲಿ, ಅಂದರೆ ಪ್ರಚಾರ ಆರಂಭವಾದ ಹೊತ್ತಿನಲ್ಲೇ ಹುಟ್ಟಿದ ಸಾವಿರಾರು ಮಕ್ಕಳನ್ನು ಅಲ್ಲಿ ಹಿಂಬಾಲಿಸಲಾಗುತ್ತಿತ್ತು. ಬೋರಲು ಮಲಗುವ ಮಕ್ಕಳಿಗೆ 6 ತಿಂಗಳಲ್ಲಿ ಚಲನೆಯ ಅಂಕಗಳು ಸ್ವಲ್ಪ ಹೆಚ್ಚು ಬಂದವು. 18 ತಿಂಗಳಾಗುವಷ್ಟರಲ್ಲಿ ಆ ಮುನ್ನಡೆ ಅಳಿಸಿಹೋಗಿತ್ತು. ಕೆನಡಾದ ಆಲ್ಬರ್ಟಾದಲ್ಲಿ 1990ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದ್ದ ಅಳತೆಪಟ್ಟಿಯನ್ನು ಎರಡು ದಶಕಗಳ ಬಳಿಕ, 2014ರಲ್ಲಿ, ಹೊಸ ಮಕ್ಕಳೊಂದಿಗೆ ಹೋಲಿಸಿ ನೋಡಿದಾಗ ಹಳೆಯ ಅಳತೆ ಈಗಲೂ ಸಲ್ಲುತ್ತದೆ ಎಂದೇ ಕಂಡುಬಂದಿತು. ಆದ್ದರಿಂದ ಈ 'ತಡ'ವನ್ನು ದೊಡ್ಡದು ಮಾಡಿ ಹೇಳುವ ಮಾತುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮಲಗುವ ಭಂಗಿಯಿಂದ ಚಲನೆಯ ವೇಳಾಪಟ್ಟಿ ಹಿಂದುಮುಂದಾಗುವುದಾದರೂ ಏಕೆ? ಅಮೆರಿಕದ ಆರ್ನಾಲ್ಡ್ ಗೆಸೆಲ್ ಮುಂತಾದ ಹಳೆಯ ವಿದ್ವಾಂಸರು, ಮಗುವಿನ ನರಮಂಡಲದಲ್ಲಿ ಒಂದು ಗಡಿಯಾರವಿದೆ, ಅದು ಪಕ್ವವಾದಂತೆ ಒಂದೊಂದೇ ಚಲನೆ ತಾನಾಗಿ ಅರಳುತ್ತದೆ ಎಂದು ಭಾವಿಸಿದ್ದರು. ಈ ಎಣಿಕೆಯನ್ನು ಅಲುಗಾಡಿಸಿದವರಲ್ಲಿ ಎಸ್ತರ್ ಥೆಲೆನ್ ಮುಖ್ಯರು. ಹುಟ್ಟಿದ ಮಗುವನ್ನು ಎತ್ತಿ ಹಿಡಿದು ಪಾದವನ್ನು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಹಾಕಿದಂತೆ ಕಾಲಾಡಿಸುತ್ತದೆ. ಸುಮಾರು ಎರಡು ತಿಂಗಳಿಗೆ ಇದು ಮಾಯವಾಗುತ್ತದೆ. ಮಿದುಳು ಬೆಳೆದು ಆ ಪ್ರತಿವರ್ತನೆಯನ್ನು ಅಡಗಿಸುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಥೆಲೆನ್ ಅವರಿಗೆ ಅನುಮಾನ ಬಂದಿತು. ಈ ಸಮಯದಲ್ಲಿ ಮಗುವಿನ ಕಾಲು ಕೊಬ್ಬಿನಿಂದ ತುಂಬಿ ಭಾರವಾಗುತ್ತದಲ್ಲವೇ? ಸ್ನಾಯುವಿನ ಬಲ ಅದಕ್ಕೆ ಸಾಲದೇ ಹೋಗಿರಬಹುದಲ್ಲವೇ? 1984ರಲ್ಲಿ ಪ್ರಕಟವಾದ ಅವರ ಪ್ರಯೋಗ ಎಷ್ಟು ಸರಳವೆಂದರೆ, ಬೆಚ್ಚಗಿನ ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಮಗುವನ್ನು ಎದೆಮಟ್ಟ ಇಳಿಸಿ ಹಿಡಿದರು. ನೀರು ಕಾಲಿನ ಭಾರವನ್ನು ಹೊತ್ತಿತು. ಮಾಯವಾಗಿದ್ದ ಹೆಜ್ಜೆಗಳು ಮತ್ತೆ ಬಂದವು! ಇನ್ನೂ ಹೆಜ್ಜೆ ಹಾಕುತ್ತಿದ್ದ ಮಗುವಿನ ಕಾಲಿಗೆ ಸಣ್ಣ ತೂಕ ಕಟ್ಟಿದಾಗ ಹೆಜ್ಜೆಗಳು ಕಡಿಮೆಯಾದವು. ಆರ್ಕಿಮಿಡೀಸನ ತತ್ವ ಶಿಶುಮನಶ್ಶಾಸ್ತ್ರದಲ್ಲೂ ಕೆಲಸಕ್ಕೆ ಬರುತ್ತದೆ ನೋಡಿ.

ಚಲನೆ ಎನ್ನುವುದು ಮಿದುಳಿನ ಆಜ್ಞೆಯಷ್ಟೇ ಆಗಿರದೆ, ದೇಹದ ತೂಕ, ಸ್ನಾಯುವಿನ ಬಲ, ಗುರುತ್ವ, ನೆಲ, ಅಭ್ಯಾಸ ಎಲ್ಲ ಸೇರಿ ಮೂಡುವಂಥದ್ದು. ಬೋರಲಾಗಿರುವ ಮಗುವಿಗೆ ಅಭ್ಯಾಸ ಹೆಚ್ಚು, ಆದ್ದರಿಂದ ತೆವಳುವಿಕೆ ಬೇಗ. ಹಾಗಾದರೆ ಅಭ್ಯಾಸ ತಪ್ಪಿದರೆ ಮಗು ನಡೆಯದೇ ಹೋದೀತೆ? ಇದಕ್ಕೆ ಉತ್ತರ ಹೇಳುವ ಎರಡು ಹಳೆಯ ಅಧ್ಯಯನಗಳಿವೆ. ಎರಡನ್ನೂ ಮಾಡಿದವರು ವೇನ್ ಡೆನಿಸ್ ಎಂಬ ಒಬ್ಬರೇ ಮನಶ್ಶಾಸ್ತ್ರಜ್ಞರು.

ಅಮೆರಿಕದ ಅರಿಜೋನಾದ ಹೋಪಿ ಬುಡಕಟ್ಟಿನ ತಾಯಂದಿರು ಕೂಸನ್ನು ಒಂದು ಹಲಗೆಗೆ ಬಟ್ಟೆಯಿಂದ ಸುತ್ತಿ ಕಟ್ಟುತ್ತಿದ್ದರು. ಮೊದಲ ಕೆಲವು ತಿಂಗಳು ದಿನದ ಹೆಚ್ಚು ಹೊತ್ತು ಮಗು ಅಂಗಾತವಾಗಿ ಹಲಗೆಯ ಮೇಲೆಯೇ. ಕೆಲವು ಹೋಪಿ ಕುಟುಂಬಗಳು ಈ ಪದ್ಧತಿಯನ್ನು ಬಿಟ್ಟಿದ್ದವು. 1940ರಲ್ಲಿ ಡೆನಿಸ್ ದಂಪತಿಗಳು ಎರಡೂ ಬಗೆಯ ಮಕ್ಕಳನ್ನು ಹೋಲಿಸಿದರು. ಹಲಗೆಯ ಮಕ್ಕಳೂ ಉಳಿದವರೂ ಸುಮಾರು 15 ತಿಂಗಳಿಗೆ, ಒಂದೇ ಹೊತ್ತಿಗೆ ನಡೆದರು. ಇಪ್ಪತ್ತು ವರ್ಷಗಳ ಬಳಿಕ ಅದೇ ಡೆನಿಸ್ ಇರಾನಿನ ಟೆಹರಾನ್ ನಗರದ ಅನಾಥಾಲಯಗಳಿಗೆ ಹೋದಾಗ ಕಂಡದ್ದು ಬೇರೆಯೇ ದೃಶ್ಯ. ಎರಡು ಅನಾಥಾಲಯಗಳಲ್ಲಿ ಮಕ್ಕಳನ್ನು ತೊಟ್ಟಿಲಲ್ಲಿ ಅಂಗಾತ ಹಾಕಿ ಬಿಟ್ಟಿರುತ್ತಿದ್ದರು. ಆಯಾಗಳು ಕೆಲವರೇ, ಎತ್ತಿಕೊಳ್ಳುವವರಿಲ್ಲ, ಕೂರಿಸುವವರಿಲ್ಲ, ಬೋರಲು ಹಾಕುವವರೂ ಇಲ್ಲ. ಎರಡನೆಯ ವರ್ಷದಲ್ಲಿದ್ದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿ ಕೂರಲಾರರು. ಮೂರು ವರ್ಷ ದಾಟಿದರೂ ಹಲವರು ನಡೆಯಲಾರರು. ಚಲಿಸಲು ಕಲಿತವರೂ ಅಂಬೆಗಾಲಿಡದೆ ಕುಳಿತಲ್ಲಿಂದಲೇ ಜರುಗುತ್ತಿದ್ದರು. ಮೂರನೆಯ ಸಂಸ್ಥೆಯಲ್ಲಿ ಆಯಾಗಳು ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು, ಕೂರಿಸುತ್ತಿದ್ದರು, ಬೋರಲಾಗಿ ಹಾಕುತ್ತಿದ್ದರು. ಅಲ್ಲಿನ ಮಕ್ಕಳು ಹೆಚ್ಚೇನೂ ಹಿಂದುಳಿದಿರಲಿಲ್ಲ.

ಈ ಎರಡು ಕಡೆಗಳ ವ್ಯತ್ಯಾಸ ಎಲ್ಲಿದೆ? ಹೋಪಿ ಮಗು ಹಲಗೆಗೆ ಕಟ್ಟಿಸಿಕೊಂಡರೂ ತಾಯಿಯ ಮಗು. ಸ್ನಾನ ಮಾಡಿಸಲು ಅದನ್ನು ಬಿಚ್ಚಿ ಎತ್ತುತ್ತಿದ್ದರು. ಕೆಲವು ತಿಂಗಳಾದ ಮೇಲೆ ಹಲಗೆಯ ಹೊತ್ತು ಕಡಿಮೆಯಾಗುತ್ತ ಬರುತ್ತಿತ್ತು. ಎಚ್ಚರವಿದ್ದಾಗ ಅದಕ್ಕೆ ಜಗತ್ತು ಸಿಗುತ್ತಿತ್ತು. ಟೆಹರಾನಿನ ಮಕ್ಕಳಿಗೆ ಎಚ್ಚರದ ಹೊತ್ತೂ ತೊಟ್ಟಿಲೇ. ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳೆಲ್ಲ ಇಲ್ಲಿದೆ. ನಿದ್ರೆಯಲ್ಲಿ ಮಗು ಹೇಗೆ ಮಲಗಿತ್ತು ಎಂಬುದಕ್ಕಿಂತ ಎಚ್ಚರವಿದ್ದಾಗ ಅದಕ್ಕೆ ಏನು ದೊರೆಯಿತು ಎಂಬುದು ಚಾಲಕ ವಿಕಾಸವನ್ನು ಹೆಚ್ಚು ನಿರ್ಧರಿಸುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಆನೆಟ್ ಮೈನೆಮರ್ ಮತ್ತು ರೊನಾಲ್ಡ್ ಬಾರ್ 2005ರ ಸುಮಾರಿಗೆ ನಡೆಸಿದ ಅಧ್ಯಯನಗಳೂ, ಅಂಗಾತ ಮಲಗುವ ಮಕ್ಕಳಲ್ಲಿ ಎಚ್ಚರವಿದ್ದಾಗ ಬೋರಲಾಗಿ ಆಡುವ ಅವಕಾಶಕ್ಕೂ ಚಲನೆಯ ಹಂತಗಳಿಗೂ ನಂಟಿದೆ ಎಂದು ತೋರಿಸಿದವು.

ಅಂದಮೇಲೆ ಅಜ್ಜಿಗೂ ಮೊಮ್ಮಗಳಿಗೂ ಜಗಳವೇ ಬೇಕಿಲ್ಲ. ನಿದ್ರೆಗೆ ಅಂಗಾತ, ಹಗಲೂ ರಾತ್ರಿಯೂ. ಎಚ್ಚರವಿದ್ದು ದೊಡ್ಡವರು ಕಣ್ಣೆದುರಿಗೇ ಇರುವಾಗ ಬೋರಲು. ಇನ್ನೂ ಓಡಾಡದ ಮಕ್ಕಳಿಗೆ ದಿನದಲ್ಲಿ ಒಟ್ಟು 30 ನಿಮಿಷವಾದರೂ, ಬಿಡಿಬಿಡಿಯಾಗಿ, ಹೀಗೆ ಅವಕಾಶ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಒಮ್ಮೆಗೆ ಎರಡು ಮೂರು ನಿಮಿಷದಿಂದ ಶುರುಮಾಡಬಹುದು. ನೆಲದ ಮೇಲೆ ಚಾಪೆ ಹಾಸಿ, ಮಗುವಿನ ಮುಖದ ಮಟ್ಟಕ್ಕೆ ನೀವೂ ಬಾಗಿ ಮಾತನಾಡಿಸಿದರೆ ಅದು ತಲೆಯೆತ್ತಿ ನೋಡುತ್ತದೆ. ಅಳತೊಡಗಿದರೆ ಎತ್ತಿಕೊಳ್ಳಿ. ಈ ಕೆಲಸವನ್ನು ಮನೆಯಲ್ಲಿರುವ ಅಣ್ಣ, ಅಕ್ಕ, ಸೋದರಮಾವ ಯಾರು ಬೇಕಾದರೂ ಮಾಡಬಹುದು.

ನಮ್ಮ ಮನೆಗಳಲ್ಲಿ ಇದು ಹೊಸದೇನೂ ಅಲ್ಲ. ಎಣ್ಣೆ ನೀರು ಹಾಕುವ ಅಜ್ಜಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಮಗುವನ್ನು ಆ ಕಾಲುಗಳ ಮೇಲೆ ಬೋರಲಾಗಿ ಹಾಕಿಕೊಂಡು ಬೆನ್ನು ತಿಕ್ಕುವುದನ್ನು ನೀವು ನೋಡಿರಬಹುದು. ಆಗ ಮಗು ಕತ್ತೆತ್ತಲು ಪ್ರಯತ್ನಿಸುತ್ತದೆ. ಅದೂ ಒಂದು ಬಗೆಯ ಬೋರಲು ಆಟವೇ. ಇನ್ನು ತಲೆ ಗುಂಡಗಾಗಲೆಂದು ಇಡುವ ರಾಗಿ ದಿಂಬು, ಸಾಸಿವೆ ದಿಂಬುಗಳ ವಿಷಯ. ಒಂದು ವರ್ಷದೊಳಗಿನ ಮಗುವಿಗೆ ನಿದ್ರೆಯಲ್ಲಿ ಯಾವ ದಿಂಬೂ ಬೇಡ ಎಂಬುದು ಶಿಶುವೈದ್ಯರ ಸಲಹೆ. ಅಂಗಾತ ಮಲಗುವುದರಿಂದ ಕೆಲವು ಮಕ್ಕಳ ತಲೆ ಹಿಂದೆ ಸ್ವಲ್ಪ ಚಪ್ಪಟೆಯಾಗುವುದು ನಿಜ. ಎಚ್ಚರವಿದ್ದಾಗ ಬೋರಲು ಹಾಕುವುದು, ಎತ್ತಿಕೊಳ್ಳುವುದು, ಮಲಗಿಸುವಾಗ ತಲೆಯ ದಿಕ್ಕನ್ನು ಬದಲಿಸುವುದು, ಇಷ್ಟರಿಂದಲೇ ಬಹುಪಾಲು ಸರಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಚಕ್ರದ ವಾಕರ್ ತಂದು ಅದರಲ್ಲಿ ಮಗುವನ್ನು ನಿಲ್ಲಿಸುವುದು ಮಾತ್ರ ಬೇಡ. ಬಿದ್ದು ತಲೆಗೆ ಪೆಟ್ಟಾಗುವ ಅಪಾಯವಿರುವುದರಿಂದ ಕೆನಡಾ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು.

ತಿಂಗಳ ಲೆಕ್ಕದ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಪಟ್ಟಿ ಕೊಟ್ಟಿತು. ಭಾರತದ ಮಕ್ಕಳು ದೆಹಲಿಯವರು. ಆಧಾರವಿಲ್ಲದೆ ಕೂರುವುದು 3.8 ತಿಂಗಳಿನಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳು. ಎಷ್ಟು ಅಗಲವಾದ ಕಿಟಕಿ ನೋಡಿ! ಅಕ್ಕಪಕ್ಕದ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಒಂಬತ್ತನೆಯ ತಿಂಗಳಿಗೂ ಇನ್ನೊಬ್ಬಳು ಹದಿನೇಳನೆಯ ತಿಂಗಳಿಗೂ ನಡೆದರೆ ಇಬ್ಬರೂ ಸಹಜವೇ. ಇನ್ನೂ ಸ್ವಾರಸ್ಯವೆಂದರೆ ಆ ಮಕ್ಕಳಲ್ಲಿ ನೂರಕ್ಕೆ ನಾಲ್ವರಿಗಿಂತ ತುಸು ಹೆಚ್ಚು ಮಂದಿ ಅಂಬೆಗಾಲನ್ನೇ ಇಡಲಿಲ್ಲ, ಬೇರೆ ಬಗೆಯಲ್ಲಿ ಸಾಗಿ ಎದ್ದು ನಡೆದರು. ಅಮೆರಿಕದ ರೋಗನಿಯಂತ್ರಣ ಕೇಂದ್ರವು 2022ರಲ್ಲಿ ತನ್ನ ಪಟ್ಟಿಯಿಂದ ಅಂಬೆಗಾಲನ್ನು ಕೈಬಿಟ್ಟಿತು. ಇದನ್ನು ಒಪ್ಪದ ತಜ್ಞರೂ ಇದ್ದಾರೆ.

ಹಾಗೆಂದು ಎಲ್ಲ ತಡವನ್ನೂ ಮಲಗುವ ಭಂಗಿಯ ಮೇಲೆ ಹೊರಿಸಿ ಸುಮ್ಮನಿರುವಂತಿಲ್ಲ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂದೇ ಕೈಯನ್ನು ಬಳಸುತ್ತಿದ್ದರೆ, ಕೈಕಾಲು ತೀರ ಬಿಗಿಯಾಗಿ ಅಥವಾ ತೀರ ಸಡಿಲವಾಗಿದ್ದರೆ, ಕಲಿತಿದ್ದ ಚಲನೆಯನ್ನು ಮಗು ಮರೆತಂತೆ ಕಂಡರೆ ಶಿಶುವೈದ್ಯರ ಬಳಿಗೆ ಹೋಗಲೇಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಕಳೆದು ವಯಸ್ಸನ್ನು ಲೆಕ್ಕ ಹಾಕಬೇಕು.

ಪಕ್ಕದ ಮನೆಯ ಹುಡುಗ ಇದನ್ನೆಲ್ಲ ಕೇಳಿ, "ಸಾರ್, ಹಾಗಾದರೆ ಅಂಗಾತ ಮಲಗಿಸಿದ ಮಗು ನಡುರಾತ್ರಿ ತಾನೇ ಬೋರಲು ಬಿದ್ದರೆ?" ಎಂದ. ಒಳ್ಳೆಯ ಪ್ರಶ್ನೆ. ಮಗು ಎರಡೂ ಕಡೆಗೆ, ಅಂದರೆ ಬೆನ್ನಿನಿಂದ ಹೊಟ್ಟೆಗೂ ಹೊಟ್ಟೆಯಿಂದ ಬೆನ್ನಿಗೂ, ಸಲೀಸಾಗಿ ಹೊರಳಲು ಕಲಿತ ಮೇಲೆ ಮಲಗಿಸುವಾಗ ಅಂಗಾತವೇ ಮಲಗಿಸಬೇಕು. ಬಳಿಕ ತಾನಾಗಿ ಹೊರಳಿದರೆ ಎದ್ದೆದ್ದು ತಿರುಗಿಸಬೇಕಿಲ್ಲ. ಸುತ್ತ ಮೆತ್ತನೆಯ ದಿಂಬು, ದಪ್ಪ ಹೊದಿಕೆ, ಆಟದ ಬೊಂಬೆಗಳಿಲ್ಲದಂತೆ ನೋಡಿಕೊಳ್ಳಬೇಕು. ಒಂದು ಕಡೆಗೆ ಮಾತ್ರ ಹೊರಳಬಲ್ಲ ಮಗುವಾದರೆ, ಬೋರಲು ಬಿದ್ದದ್ದು ಕಂಡಾಗ ಮೆಲ್ಲನೆ ಅಂಗಾತಕ್ಕೆ ತರಬೇಕು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವ ಅಭ್ಯಾಸವಿದ್ದರೆ, ಮಗು ಮಗುಚಲು ಪ್ರಯತ್ನಿಸುತ್ತಿದೆ ಎಂದು ಕಂಡ ದಿನವೇ ಅದನ್ನು ನಿಲ್ಲಿಸಬೇಕು. ಕೈ ಬಿಡುವಾಗಿಲ್ಲದ ಮಗು ಬೋರಲು ಬಿದ್ದರೆ ಮತ್ತೆ ತಲೆಯೆತ್ತಲಾರದು.